ಸಂಸಾರದ ಕಾರು, ಓಟದ ಪಥ

ಕಾರು ಕೊಳ್ಳಹೊರಟವನಿಗೆ ನಮ್ಮಲ್ಲಿ ಸಲಹೆಗಾರರ ಕೊರತೆ ಎಂದೂ ಬಿದ್ದಿಲ್ಲ. ಮೈಲೇಜು ನೋಡೆಂದು ಒಬ್ಬರು, ಮಾರುವಾಗ ಬರುವ ಬೆಲೆ ನೋಡೆಂದು ಇನ್ನೊಬ್ಬರು, ಬಣ್ಣ ಬಿಳಿಯದಾಗಿರಲೆಂದು ಮೂರನೆಯವರು ಹೇಳುತ್ತಾರೆ. ಇವರಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಈಚೆಗೆ ಕೆಲವು ಎಳೆಯ ಸಂಸಾರವಂದಿಗರು ಕೇಳತೊಡಗಿದ್ದಾರೆ. ವಾರವೆಲ್ಲ ಮನೆಯ ಕೆಲಸಕ್ಕೆ ಒದಗಿ, ವರ್ಷದಲ್ಲಿ ಎರಡೋ ಮೂರೋ ದಿನ ಓಟದ ಪಥದ ಮೇಲೂ ಓಡಬಲ್ಲ ಕಾರು ಕೈಗೆಟಕುವ ಬೆಲೆಗೆ ಸಿಕ್ಕೀತೆ? ಪ್ರಶ್ನೆ ವಿಲಾಸದ್ದೆಂದು ತೋರಬಹುದು. ವಿಚಾರಿಸಿ ನೋಡಿದರೆ ಹಾಗಲ್ಲ.

ಮೊದಲು ‘ಟ್ರ್ಯಾಕ್ ಡೇ’ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಅದು ಪಂದ್ಯವಲ್ಲ. ಪಥದ ಒಡೆಯರೋ ಯಾವುದಾದರೂ ಸಂಘದವರೋ ಒಂದು ದಿನ ಪಥವನ್ನು ಸಾಮಾನ್ಯ ಚಾಲಕರಿಗೆ ತೆರೆದುಕೊಡುತ್ತಾರೆ. ಶುಲ್ಕ ಕಟ್ಟಿ, ಶಿರಸ್ತ್ರಾಣ ಧರಿಸಿ, ಗಾಡಿಯ ತಪಾಸಣೆ ಮಾಡಿಸಿಕೊಂಡು, ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಬಹುದು. ಎದುರಿನಿಂದ ಬರುವ ಲಾರಿಯಿಲ್ಲ, ಅಡ್ಡ ಬರುವ ದನವಿಲ್ಲ. ದಾರಿ ತಪ್ಪಿದರೆ ಹುಲ್ಲೋ ಮರಳೋ ಇರುತ್ತದೆ. ವೈದ್ಯರ ಗಾಡಿ ಸನ್ನದ್ಧವಾಗಿರುತ್ತದೆ. ಗಾಡಿ ಯಾವ ಮಿತಿಯಲ್ಲಿ ಜಾರುತ್ತದೆ, ಬ್ರೇಕು ಎಷ್ಟು ದೂರದಲ್ಲಿ ಹಿಡಿಯುತ್ತದೆ ಎಂಬುದನ್ನು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳದೆ ಕಲಿಯುವ ಸ್ಥಳವದು.

ಕೈಗಾದಲ್ಲಿ ಅಂಥ ಪಥವಿಲ್ಲ. ಕಾರವಾರದಲ್ಲೂ ಇಲ್ಲ, ಅಂಕೋಲೆಯಲ್ಲೂ ಇಲ್ಲ. ಕೊಯಮತ್ತೂರಿನ ಬಳಿ ಚೆಟ್ಟಿಪಾಳೆಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸುತ್ತಳತೆ ಎರಡು ಕಿಲೋಮೀಟರಿಗೆ ತುಸು ಮೇಲೆ. ಚೆನ್ನೈನ ಹೊರವಲಯದ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರಿನ ಪಥವಿದೆ. ಅದು ತೆರೆದದ್ದು 1990ರಲ್ಲಿ. ಕಾರವಾರದಿಂದ ಕೊಯಮತ್ತೂರಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಾರನ್ನು ಲಾರಿಯ ಮೇಲೇರಿಸಿಕೊಂಡು ಹೋಗುವಷ್ಟು ಹಣವಿದ್ದವರಿಗೆ ಈ ಲೇಖನ ಬೇಡ. ಉಳಿದವರು ಅದೇ ಕಾರಿನಲ್ಲಿ ಹೋಗಬೇಕು, ಅದರಲ್ಲೇ ಓಡಬೇಕು, ಮತ್ತೆ ಅದರಲ್ಲೇ ಮನೆಗೆ ಮರಳಬೇಕು. ಸೋಮವಾರ ಮಲ್ಲಾಪುರದ ವಸತಿ ಬಡಾವಣೆಯಿಂದ ಮಗುವನ್ನು ಶಾಲೆಗೆ ಬಿಡಬೇಕು. ಆಯ್ಕೆಯ ನಿಜವಾದ ಕಟ್ಟಳೆ ಇದು. ಪಥದಲ್ಲಿ ಎಷ್ಟು ವೇಗವಾಗಿ ಓಡಿತೆಂಬುದಕ್ಕಿಂತ, ಓಡಿದ ಮೇಲೆ ಕೆಡದೆ ಮನೆ ಸೇರಿತೇ ಎಂಬುದೇ ಮುಖ್ಯ.

ಅಷ್ಟು ದೂರ ಏಕೆ ಹೋಗಬೇಕು, ಅರಬೈಲ್ ಘಟ್ಟವೇ ಬಾಗಿಲಲ್ಲಿದೆಯಲ್ಲ ಎಂದು ಕೇಳುವ ಹುಡುಗರುಂಟು. ಕೈಗಾದಿಂದ ಬಾರೆಯ ಮೇಲೆ ಯಲ್ಲಾಪುರಕ್ಕೆ ಏರುವ ದಾರಿಯನ್ನೂ ಅವರು ಹೆಸರಿಸುತ್ತಾರೆ. ಈ ಮಾತಿಗೆ ಸೌಮ್ಯವಾಗಿ ಉತ್ತರಿಸುವುದು ನನಗೆ ಕಷ್ಟ. ಘಟ್ಟದ ದಾರಿ ದುಡಿಯುವ ಜನರ ದಾರಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ತರಕಾರಿ ವ್ಯಾಪಾರಿಗಳ ಲಾರಿ ಇದೇ ಘಟ್ಟದಲ್ಲಿ ಕಂದಕಕ್ಕುರುಳಿ ಹತ್ತು ಜನ ಸತ್ತರು. ಯಾರೂ ಪಂದ್ಯ ಹೂಡದಿದ್ದಾಗಲೇ ಆ ದಾರಿ ಹೀಗಿದೆ; ಮಂಜು ಕವಿದ ತಿರುವಿನಲ್ಲಿ ಇನ್ನೊಬ್ಬನು ತನ್ನ ಕೈಚಳಕ ಪರೀಕ್ಷಿಸಿಕೊಳ್ಳುತ್ತಿದ್ದರೆ ಎದುರಿನ ಬಸ್ಸಿನವರ ಗತಿಯೇನು? ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯಿಂದ ಶಿಕ್ಷೆ ಹೆಚ್ಚಿದೆ. ಓಡಿಸುವ ಹುಮ್ಮಸ್ಸು ಇರುವವನಿಗೆ ಪಥದ ದಾರಿ ತೋರಿಸುವುದೇ ಮೇಲು. ಈ ಪ್ರಶ್ನೆ ವಿಲಾಸದ್ದಲ್ಲವೆಂದು ಮೊದಲಿಗೆ ಹೇಳಿದ್ದು ಇದಕ್ಕಾಗಿ.

ಸಂಸಾರದ ಕಾರು ಪಥಕ್ಕಿಳಿಯುವುದು ನಮ್ಮ ದೇಶದಲ್ಲಿ ಹೊಸತೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದರಾಸಿನ ಉತ್ತರಕ್ಕೆ ಶೋಲಾವರಂನಲ್ಲಿ ಕಟ್ಟಿದ್ದ ವಿಮಾನದ ಓಡುದಾರಿಯ ಮೇಲೆ ಮುಂದೆ ಹಲವು ದಶಕ ಪಂದ್ಯಗಳು ನಡೆದುವು. ಅಲ್ಲಿ ಓಡಿದವುಗಳಲ್ಲಿ ಫಿಯೆಟ್‌ಗಳು, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಇದ್ದುವು. ಎಂದರೆ ಡಾಕ್ಟರೂ ವಕೀಲರೂ ಮನೆಗೆ ಇಟ್ಟುಕೊಂಡಿದ್ದ ಕಾರುಗಳೇ. ಕೊಯಮತ್ತೂರಿನ ಪಥಕ್ಕೆ ಯಾರ ಹೆಸರಿದೆಯೋ ಆ ಎಸ್. ಕರಿವರ್ಧನ್ ಅವರು ಮಾರುತಿ 800ರ 796 ಘನ ಸೆಂಟಿಮೀಟರಿನ ಎಂಜಿನನ್ನೇ ಹಗುರವಾದ ಓಟದ ಗಾಡಿಗೆ ಕೂರಿಸಿ ‘ಫಾರ್ಮುಲಾ ಮಾರುತಿ’ಯನ್ನು ರೂಪಿಸಿದರು. ಹಾಲು ತರಕಾರಿ ತರುವ ಎಂಜಿನು ತಲೆಮಾರುಗಟ್ಟಲೆ ಚಾಲಕರಿಗೆ ವಿದ್ಯೆ ಕಲಿಸಿತು. ಅನಂತರ ಎಸ್ಟೀಮ್ ಬಂತು. 2010ರಿಂದ ಪೋಲೊ ಕಾರುಗಳದ್ದೇ ಒಂದು ಸ್ಪರ್ಧಾ ಸರಣಿ ನಡೆಯಿತು. ದೊಡ್ಡ ಎಂಜಿನು ಯಾವುದರಲ್ಲೂ ಇರಲಿಲ್ಲ. ಇದ್ದ ಸಮಾನ ಗುಣ ಒಂದೇ, ಹಗುರತನ.

ಹಗುರತನಕ್ಕೆ ಏಕೆ ಇಷ್ಟು ಮಹತ್ವ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಓದುಗರು ಬೇಸರಿಸಬಾರದು. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದೊಡನೆ ನೇರವಾಗಿಯೂ ವೇಗದ ವರ್ಗದೊಡನೆಯೂ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಚಾಲಕನೂ ಸೇರಿ ಸಾವಿರ ಕಿಲೋ ತೂಗುವ ಕಾರು ಗಂಟೆಗೆ 120 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 4 ಲಕ್ಷ 17 ಸಾವಿರ ಜೂಲ್ ಶಕ್ತಿ ಎಲ್ಲಿಯಾದರೂ ಹೋಗಬೇಕು. ಅದರ ಬಹುಪಾಲು ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗುತ್ತದೆ. ಇದೇ ಕಾರು ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವಾಗ ಒಟ್ಟು ಇಳಿತ ಐನೂರು ಮೀಟರಿನ ಆಸುಪಾಸು. ಅಲ್ಲಿ ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೂಲ್. ಎಂದರೆ, ಪಥದಲ್ಲಿ ಹನ್ನೆರಡು ಸಲ ಬಲವಾಗಿ ಬ್ರೇಕು ಒತ್ತಿದರೆ ಇಡೀ ಘಟ್ಟವನ್ನು ಬರಿಯ ಬ್ರೇಕಿನ ಮೇಲೆ ಇಳಿದಂತಾಯಿತು. ಸುತ್ತಿಗೆ ಮೂರು ಸಲ ಬ್ರೇಕು ಒತ್ತುವ ಪಥವಾದರೆ ನಾಲ್ಕು ಸುತ್ತಿಗೇ ಘಟ್ಟ ಮುಗಿಯಿತು. ಘಟ್ಟದಲ್ಲಿ ಗೇರಿನ ತಡೆ ಇದೆ, ಗಾಳಿಯ ತಡೆ ಇದೆ, ಅರ್ಧ ಗಂಟೆಯ ಬಿಡುವಿದೆ. ಪಥದಲ್ಲಿ ಇದೆಲ್ಲ ಏಳೆಂಟು ನಿಮಿಷದ ಆಟ.

ಶಾಖವನ್ನು ಹುಟ್ಟಿಸುವುದು ಸುಲಭ, ಅದನ್ನು ಸಾಗಹಾಕುವುದರಲ್ಲೇ ಯಂತ್ರಶಾಸ್ತ್ರದ ಜಾಣತನವಿದೆ ಎಂಬುದನ್ನು ಕೈಗಾದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಿಯಾಕ್ಟರಿನಲ್ಲಿ ಭಾರಜಲವನ್ನು ಒತ್ತಡದಲ್ಲಿಟ್ಟು ಕುದಿಯದಂತೆ ಕಾಯುತ್ತಾರೆ. ಬ್ರೇಕಿನ ಕೊಳವೆಯಲ್ಲಿರುವ ದ್ರವಕ್ಕೆ ಇಂಥ ಕಾವಲಿಲ್ಲ. ಪಾದ ಒತ್ತಿದಾಗ ಒತ್ತಡವಿದ್ದು, ಪಾದ ತೆಗೆದೊಡನೆ ಒತ್ತಡ ಇಳಿಯುತ್ತದೆ. ಕಾದ ದ್ರವ ಆಗ ಕುದಿದು ಆವಿಯ ಗುಳ್ಳೆ ಕಟ್ಟುತ್ತದೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಆದುದರಿಂದ ಮುಂದಿನ ತಿರುವಿನಲ್ಲಿ ಪೆಡಲು ಸ್ಪಂಜಿನಂತೆ ತಳ ಸೇರುತ್ತದೆ, ಕಾರು ನಿಲ್ಲುವುದಿಲ್ಲ. ಪಥದಲ್ಲಿ ಹೊಸಬರನ್ನು ಹೆದರಿಸುವ ಅನುಭವ ಇದೇ. ಘಟ್ಟ ಇಳಿಯುವ ಲಾರಿಯವರಿಗೆ ಅದರ ಗುಟ್ಟು ಗೊತ್ತು, ಅದಕ್ಕೇ ಅವರು ಗೇರಿನಲ್ಲಿ ಇಳಿಯುತ್ತಾರೆ.

ನಾವು ‘ಬ್ರೇಕ್ ಆಯಿಲ್’ ಎಂದು ಕರೆಯುವುದು ನಿಜಕ್ಕೂ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯಿಂದ ನೀರನ್ನು ಹೀರಿಕೊಳ್ಳುವುದು ಅದರ ಸ್ವಭಾವ. ‘ಡಾಟ್ 4’ ಎಂಬ ಗುರುತಿನ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ; ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ‘ಡಾಟ್ 3’ಕ್ಕೆ ಈ ಅಂಕೆಗಳು 205 ಮತ್ತು 140. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಮಳೆಯಿಲ್ಲದಾಗಲೂ ಬಟ್ಟೆ ಒಣಗದ ನಮ್ಮ ಕರಾವಳಿಯಲ್ಲಿ ಈ ದ್ರವ ಒಣನಾಡಿನಲ್ಲಿರುವಷ್ಟು ಕಾಲ ಒಳ್ಳೆಯದಾಗಿರುವುದಿಲ್ಲ. ಪಥಕ್ಕೆ ಹೋಗುವ ವಾರ ಇದನ್ನು ಬದಲಾಯಿಸುವುದಕ್ಕೆ ಬೀಳುವ ಖರ್ಚು ಅಲ್ಪ. ಅಲಂಕಾರದ ಚಕ್ರಗಳಿಗೂ ಸದ್ದು ಮಾಡುವ ಹೊಗೆಕೊಳವೆಗೂ ಸಾವಿರಗಟ್ಟಲೆ ಸುರಿದು, ಇಷ್ಟನ್ನು ಬಿಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಅಶ್ವಶಕ್ತಿಯ ವಿಷಯಕ್ಕೆ ಬರೋಣ. ಜಾಹೀರಾತು ಕೂಗಿ ಹೇಳುವುದು ಅದನ್ನೇ. 2024ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಸ್ವಿಫ್ಟ್ ಕಾರಿಗೆ ಸುಮಾರು 82 ಅಶ್ವಶಕ್ತಿ, ತೂಕ 920 ಕಿಲೋ ಆಸುಪಾಸು. ಟನ್ನಿಗೆ ಸುಮಾರು 89. ಪಕ್ಕದಲ್ಲಿ 115 ಅಶ್ವಶಕ್ತಿಯ, 1300 ಕಿಲೋ ತೂಕದ ಎತ್ತರದ ಗಾಡಿಯೊಂದನ್ನು ನಿಲ್ಲಿಸಿ, ಟನ್ನಿಗೆ 88. ಓಟದ ಚುರುಕಿನಲ್ಲಿ ಎರಡಕ್ಕೂ ಹೆಚ್ಚು ಭೇದವಿಲ್ಲ. ನಿಲ್ಲಿಸಬೇಕಾದಾಗ ಮಾತ್ರ ಎರಡನೆಯದರ ಬ್ರೇಕು ನೂರಕ್ಕೆ ನಲವತ್ತರಷ್ಟು ಹೆಚ್ಚು ಶಾಖ ನುಂಗಬೇಕು, ಟೈರು ಅಷ್ಟೇ ಹೆಚ್ಚು ಸವೆಯಬೇಕು. ಎತ್ತರದ ಗಾಡಿ ತಿರುವಿನಲ್ಲಿ ಹೊರಗಿನ ಟೈರಿನ ಮೇಲೆ ವಾಲಿ, ಒಳಗಿನದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಇಂದಿನ ಮೋಹವೆಲ್ಲ ಇಂಥ ಎತ್ತರದ ಗಾಡಿಗಳ ಮೇಲಿದೆಯೆಂಬುದು ನಿಜ. ಹಳ್ಳದ ದಾರಿಗೆ ಅವು ಒಳ್ಳೆಯವು, ಪಥಕ್ಕೆ ಅಲ್ಲ.

ಟೈರನ್ನು ಕುರಿತು ಎರಡು ಮಾತು. ಹದಿನಾರು ಹದಿನೇಳು ಅಂಗುಲದ ಚಕ್ರ, ಅದರ ಮೇಲೆ ರೊಟ್ಟಿಯಂತೆ ತೆಳುವಾದ ಟೈರು ನೋಡಲು ಚೆಂದ. ಮಳೆಗಾಲ ಮುಗಿದ ಮೇಲೆ ನಮ್ಮ ದಾರಿಗಳಲ್ಲಿ ಏಳುವ ಗುಂಡಿಗಳಿಗೆ ಸಿಕ್ಕರೆ ಟೈರಿನ ಪಕ್ಕ ಉಬ್ಬುತ್ತದೆ, ಚಕ್ರವೇ ಸೀಳಲೂಬಹುದು. ಹದಿನೈದು ಅಂಗುಲದ, 185/65 ಎಂಬ ಅಳತೆಯ ಟೈರು ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಹದವಾಗಿದೆ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಹೂವು ಚೆನ್ನಾಗಿ ಉಳಿದಿದ್ದರೂ ಐದಾರು ವರ್ಷದ ಹಳೆಯ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ. ಅಂಥದರಲ್ಲಿ ಪಥಕ್ಕೆ ಇಳಿಯಬೇಡಿ.

ಗೇರಿನ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಕೈಯಿಂದ ಹಾಕುವ ಗೇರೇ ಅಗ್ಗ, ಹಗುರ, ಘಟ್ಟಕ್ಕೂ ಪಥಕ್ಕೂ ಯೋಗ್ಯ. ಅಗ್ಗದ ಎ.ಎಂ.ಟಿ. ಪೇಟೆಯಲ್ಲಿ ಸುಖ ಕೊಡುತ್ತದೆ, ಪಥದಲ್ಲಿ ಯೋಚಿಸುತ್ತ ನಿಲ್ಲುತ್ತದೆ. ಸಿ.ಎನ್.ಜಿ. ಉರುಳೆ ಹಿಂಬದಿಯಲ್ಲಿದ್ದರೆ ಸಾಮಾನಿಗೂ ಜಾಗವಿಲ್ಲ, ಓಟಕ್ಕೂ ಭಾರ. ವಿದ್ಯುತ್ ಕಾರು ಮನೆಗೆ ಸೊಗಸು, ಕೈಗಾದಲ್ಲಿ ಹುಟ್ಟುವ ಕರೆಂಟಿನಲ್ಲೇ ಓಡಿತೆಂಬ ಅಭಿಮಾನ ಬೇರೆ. ಆದರೆ ಬ್ಯಾಟರಿಯ ಭಾರ, ಅದರ ಶಾಖ, ಆರುನೂರು ಕಿಲೋಮೀಟರಿನ ಹಾದಿಯಲ್ಲಿ ಚಾರ್ಜಿಗಾಗಿ ಕಾಯುವ ಹೊತ್ತು ಇವನ್ನೆಲ್ಲ ಕೂಡಿದರೆ ನಮ್ಮ ಈ ಉದ್ದೇಶಕ್ಕೆ ಸರಿಹೊಂದುವುದಿಲ್ಲ.

ಹಾಗಾದರೆ ಮನೆಯವರ ಪಾಲೇನು? ಹಿಂದಿನ ಆಸನದಲ್ಲಿ ಕೂರುವವರು ಕಾರು ಕೊಳ್ಳುವ ಮಾತುಕತೆಯಲ್ಲಿ ಬಾಯಿ ತೆರೆಯುವುದು ಕಡಿಮೆ, ಕೊಂಡ ಮೇಲೆ ಹೆಚ್ಚು. ಅವರನ್ನು ಮೊದಲೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಅಜ್ಜಿಗೆ ಬಾಗದೆ ಇಳಿಯಲಾಗುತ್ತದೆಯೇ? ಮಗುವಿನ ಆಸನ ಬಿಗಿಯಲು ಐಸೋಫಿಕ್ಸ್ ಕೊಂಡಿ ಇದೆಯೇ? ನಾಲ್ವರು ಕೂತು ಸಾಮಾನು ತುಂಬಿದಾಗ ರಸ್ತೆಯುಬ್ಬಿಗೆ ಹೊಟ್ಟೆ ತಾಗುತ್ತದೆಯೇ? ಸರ್ವಿಸಿಗೆ ಕಾರವಾರದಲ್ಲೇ ಆಗುತ್ತದೆಯೋ ಹುಬ್ಬಳ್ಳಿಗೋ ಗೋವೆಗೋ ಹೋಗಬೇಕೋ ವಿಚಾರಿಸಿ. ಒಂದು ದಿನದ ರಜೆಯೂ ಬೆಲೆಯ ಭಾಗವೇ. ಎ.ಬಿ.ಎಸ್. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಕಾರು ಅಡ್ಡ ಜಾರದಂತೆ ತಡೆಯುವ ಇ.ಎಸ್.ಪಿ. ಎಂಬ ಸಾಧನವಿರುವುದನ್ನೇ ಆರಿಸಿ. ಜೂನ್ ತಿಂಗಳ ಮೊದಲ ಮಳೆಗೆ ಎಣ್ಣೆ ತೇಲಿದ ದಾರಿಯಲ್ಲಿ ಅದರ ಉಪಕಾರ ತಿಳಿಯುತ್ತದೆ.

ಹೆಸರು ಹಿಡಿದು ಹೇಳಿ ಎಂದು ಓದುಗರು ಒತ್ತಾಯಿಸಿದರೆ, ಹೊಸ ಕಾರುಗಳಲ್ಲಿ ನನ್ನ ಮೊದಲ ಮತ ಸ್ವಿಫ್ಟಿಗೆ, ಕೈಗೇರಿನದಕ್ಕೆ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕು ಮಾತ್ರವಿದೆಯೆಂದು ಕೆಲವರು ಮೂಗು ಮುರಿಯುತ್ತಾರೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಒರಗಿ ಕೆಲಸದ ಬಹುಪಾಲು ಮುಂಚಕ್ರಗಳ ಪಾಲಿಗೇ ಬರುವುದರಿಂದ, ಹಗುರ ಗಾಡಿಗೆ ಇದು ದೊಡ್ಡ ಕೊರತೆಯಲ್ಲ. ಕೈ ಸ್ವಲ್ಪ ಸಡಿಲ ಬಿಡಬಲ್ಲವರು ಹ್ಯುಂಡೈ ಐ20 ಎನ್ ಲೈನ್ ನೋಡಬಹುದು: 998 ಘನ ಸೆಂಟಿಮೀಟರಿನ ಟರ್ಬೊ ಎಂಜಿನು, 120 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಡಿಸ್ಕ್; 2023ರಿಂದ ಆರು ಗೇರಿನ ಕೈಪೆಟ್ಟಿಗೆಯೂ ಬಂತು. 2025ರ ಸೆಪ್ಟೆಂಬರ್ 22ರಂದು, ಉದ್ದ ನಾಲ್ಕು ಮೀಟರನ್ನೂ ಪೆಟ್ರೋಲ್ ಎಂಜಿನು 1200 ಘನ ಸೆಂಟಿಮೀಟರನ್ನೂ ಮೀರದ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಈ ಎರಡೂ ಆ ವರ್ಗಕ್ಕೆ ಸೇರಿದವು. ಉಳಿದ ಆ ಹಣವನ್ನು ಮೇಲಿನ ದರ್ಜೆಯ ಸೂರುಗಿಂಡಿಗೆ ಹಾಕದೆ ಒಳ್ಳೆಯ ಬ್ರೇಕ್ ಪ್ಯಾಡು, ಟೈರುಗಳಿಗೆ ತೆಗೆದಿಡಿ. ಒಂದೇ ದಿನದ ಓಟ ಒಂದು ಜೊತೆ ಪ್ಯಾಡನ್ನು ತಿಂದುಹಾಕಿದರೂ ಅಚ್ಚರಿಯಿಲ್ಲ.

ಹಳೆಯ ಕಾರಿನಲ್ಲಿ ಲಾಭ ಹೆಚ್ಚು, ಅಪಾಯವೂ ಹೆಚ್ಚು. 2022ರಲ್ಲಿ ನಿಂತುಹೋದ ಪೋಲೊ, 2021ರಲ್ಲಿ ಭಾರತದ ಉತ್ಪಾದನೆ ನಿಲ್ಲಿಸುವುದಾಗಿ ಸಾರಿದ ಫೋರ್ಡಿನ ಫಿಗೊ ಇವೆರಡೂ ಓಡಿಸಲು ಬಲು ಸೊಗಸು. ಬಿಡಿಭಾಗ ಎಲ್ಲಿ ದೊರೆಯುತ್ತದೆಂದು ಕೇಳಿಯೇ ಮುಂದುವರಿಯಿರಿ. ಕರಾವಳಿಯಲ್ಲೇ ಬೆಳೆದ ಕಾರಾದರೆ ಮೇಲಿನ ಬಣ್ಣಕ್ಕೆ ಮರುಳಾಗದೆ ಕೆಳಗೆ ಹೋಗಿ ನೋಡಿ. ಕಡಲ ಗಾಳಿಯ ಉಪ್ಪು ತಳದ ತಗಡನ್ನೂ ಬ್ರೇಕಿನ ಉಕ್ಕಿನ ಕೊಳವೆಯನ್ನೂ ಮೌನವಾಗಿ ತಿನ್ನುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತದ್ದು ದಬ್ ಎನ್ನುತ್ತದೆ. ಗಡಿಯಾಚೆ ಗೋವೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತರುವವರು ಕರ್ನಾಟಕದ ಆಜೀವ ತೆರಿಗೆಯನ್ನೂ ಬೆಲೆಗೆ ಕೂಡಿಸಿ ನೋಡಿ. ಅಗ್ಗವೆಂಬುದು ಎಷ್ಟೋ ಸಲ ಮಾಜಾಳಿಯ ಗಡಿಯಲ್ಲೇ ಉಳಿದುಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಮನೆಯ ಯಜಮಾನಿಯ ಎದುರಿನಲ್ಲೇ ಓದುವುದು ಒಳ್ಳೆಯದು. ನಮ್ಮ ಖಾಸಗಿ ಕಾರಿನ ವಿಮಾ ಪತ್ರದಲ್ಲಿ ‘ಬಳಕೆಯ ಮಿತಿ’ ಎಂಬ ಸಣ್ಣ ಅಕ್ಷರದ ಭಾಗವಿದೆ. ವ್ಯವಸ್ಥಿತ ಪಂದ್ಯ, ವೇಗದ ಪರೀಕ್ಷೆ ಮುಂತಾದವಕ್ಕೆ ವಿಮೆ ಅನ್ವಯಿಸದೆಂದು ಅಲ್ಲಿ ಬರೆದಿರುತ್ತದೆ. ಪಥದಲ್ಲಿ ಗೋಡೆಗೆ ತಾಗಿದರೆ ನಷ್ಟ ನಿಮ್ಮದೇ ಎಂದು ತಿಳಿದೇ ಹೊರಡಬೇಕು. ಸಾಲದ ಕಂತು ಇನ್ನೂ ಮೂರು ವರ್ಷ ಉಳಿದಿರುವ, ಮನೆಗಿರುವ ಒಂದೇ ಕಾರನ್ನು ಪಥಕ್ಕಿಳಿಸುವುದಾದರೆ ‘ನಾಳೆ ಇದು ಇಲ್ಲವಾದರೆ ಕೈಗಾದ ಪಾಳಿಗೆ, ಶಾಲೆಗೆ, ಆಸ್ಪತ್ರೆಗೆ ಏನು ಮಾಡುವುದು’ ಎಂಬುದಕ್ಕೆ ಉತ್ತರ ಸಿದ್ಧವಿರಲಿ. ಉತ್ತರವಿಲ್ಲದವರು ಆ ವರ್ಷ ಪಥದಲ್ಲಿ ಸಿಗುವ ಬಾಡಿಗೆ ಗಾಡಿಯಲ್ಲಿ ಕಲಿಯುವುದೇ ಜಾಣತನ. ಈ ಮಾತು ಉತ್ಸಾಹಕ್ಕೆ ತಣ್ಣೀರೆರಚಿತೆಂದು ಕೆಲವರಿಗೆ ಬೇಸರವಾದೀತು, ಆದರೂ ಹೇಳದಿರಲಾರೆ.

ಹೊರಡುವ ಮೊದಲು ಕಾರಿನೊಳಗಿನ ಬಿಡಿ ಸಾಮಾನನ್ನೆಲ್ಲ ಇಳಿಸಿ: ನೀರಿನ ಬಾಟಲಿ, ಕೊಡೆ, ಮಗುವಿನ ಆಟಿಕೆ, ಜಾಕು, ಮುಂದೆ ಅಂಟಿಸಿದ ಗಣಪತಿ. ಬ್ರೇಕು ಒತ್ತಿದಾಗ ಇವೆಲ್ಲ ಮುಂದಕ್ಕೆ ಹಾರುತ್ತವೆ. ಪೆಡಲಿನ ಕೆಳಗೆ ಉರುಳಿದ ಬಾಟಲಿಯಷ್ಟು ಅಪಾಯದ ವಸ್ತು ಬೇರೆಯಿಲ್ಲ. ಐದಾರು ಸುತ್ತು ಓಡಿದ ಮೇಲೆ ಒಂದು ಸುತ್ತನ್ನು ಬ್ರೇಕು ಮುಟ್ಟದೆ ನಿಧಾನವಾಗಿ ಸುತ್ತಿ ಬನ್ನಿ. ಯಂತ್ರ ನಿಂತರೂ ಶಾಖ ಕೂಡಲೇ ನಿಲ್ಲುವುದಿಲ್ಲವೆಂಬುದು ಕೈಗಾದಲ್ಲಿ ದುಡಿಯುವವರ ನಿತ್ಯದ ಪಾಠ; ತಟ್ಟೆಗಳನ್ನು ಗಾಳಿಯೇ ತಣಿಸಬೇಕು. ನಿಂತ ಮೇಲೆ ಹ್ಯಾಂಡ್‌ಬ್ರೇಕು ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡಿ; ಎಳೆದರೆ ಕಾದ ಬ್ರೇಕು ಅಂಟಿಕೊಳ್ಳುವ ಭಯವಿದೆ. ಚಕ್ರದ ನಟ್ಟುಗಳನ್ನು ತಣಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಿ.

ಟೈರಿನ ಗಾಳಿ ಬಿಸಿಗೆ ಹಿಗ್ಗಿ ನಾಲ್ಕೈದು ಪೌಂಡು ಏರುತ್ತದೆಂದು, ಸರದಿಯ ನಡುವೆ ಅಳೆದು ಸ್ವಲ್ಪ ಬಿಡುವುದು ವಾಡಿಕೆ. ಸಂಜೆಗೆ ಟೈರು ತಣಿದಾಗ ಅದು ಕೊರತೆಯಾಗಿ ನಿಲ್ಲುತ್ತದೆ. ಮನೆಯ ದಾರಿ ಹಿಡಿಯುವ ಮೊದಲು, ಇಳಿಸಿದ್ದ ಸಾಮಾನೆಲ್ಲ ಮತ್ತೆ ಏರಿದ ಮೇಲೆ, ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಬರೆದಿರುವ ಅಂಕೆಯ ತನಕ ಗಾಳಿ ತುಂಬಿಸಿಕೊಳ್ಳಿ. ಪ್ಯಾಡಿನಲ್ಲಿ ಎಷ್ಟು ಉಳಿದಿದೆಯೆಂದು ಚಕ್ರದ ಸಂದಿಯಿಂದ ಟಾರ್ಚು ಹಾಕಿ ನೋಡಿ. ಮೂರು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಕೊಯಮತ್ತೂರಿನಲ್ಲೇ ಹೊಸದನ್ನು ಹಾಕಿಸಿ ಹೊರಡಿ.